ಗುಂಡಿ ಎಣಿಸಿ ಸಿಮೆಂಟ್ ತರಿಸಿದ್ದು

ಊರಿಗೆ ಊರೇ ಬಿದ್ದಾಗ ಒಟ್ಟು ಎಷ್ಟು ಸಿಮೆಂಟ್ ಬೇಕು ಅಂತ ಹೇಳುವುದು ದೊಡ್ಡ ವಿದ್ಯೆಯಲ್ಲ. ಬಿದ್ದ ಮನೆ ಇಷ್ಟು, ಮನೆಗೆ ಚದರಡಿ ಇಷ್ಟು, ಚದರಡಿಗೆ ಚೀಲ ಇಷ್ಟು. ಹುಬ್ಬಳ್ಳಿಯಲ್ಲಿ ಕೂತೇ ಗುಣಿಸಬಹುದು. ಯಾವ ತಿಂಗಳು ಗೋದಾಮಿನಲ್ಲಿ ಎಷ್ಟು ಚೀಲ ಇರಬೇಕು ಅನ್ನುವುದೇ ಬೇರೆ ಲೆಕ್ಕ. ಅದನ್ನು ನಾನು ಕಲಿಯುವಷ್ಟರಲ್ಲಿ ನಮ್ಮ ಸೇಠರ ಎರಡೂವರೆ ಮೂರು ಲಕ್ಷ ರೂಪಾಯಿ ಕರಗಿತ್ತು.

2001ರ ಜನವರಿ 26ರಂದು ಕಚ್ಛ್ ನಡುಗಿತಲ್ಲ, ಆ ವರ್ಷ ಏಪ್ರಿಲ್‌ನಲ್ಲಿ ಭುಜ್‌ಗೆ ಹೋದೆ. ಕಟ್ಟಡ ಸಾಮಗ್ರಿ ವ್ಯಾಪಾರಿಯೊಬ್ಬರ ಬಳಿ, ಅವರೇ ನಮ್ಮ ಸೇಠರು, ಎಸ್ಟಿಮೇಟರ್ ಕೆಲಸ, ಅಂದರೆ ಎಷ್ಟು ಸಾಮಗ್ರಿ ಬೇಕು ಅಂತ ಅಂದಾಜು ಹಾಕುವುದು. ಹಳೇ ಕೋಟೆಯೊಳಗಿನ ಪೇಟೆ ನೋಡಿ ಬಂದವನೇ ಉತ್ಸಾಹದಲ್ಲಿ ಎರಡು ಸಾವಿರ ಚಿಲ್ಲರೆ ಚೀಲ ತರಿಸಿ ಅಂದೆ. ತರಿಸಿದರು. ಆದರೆ ಆ ಪೇಟೆಯಲ್ಲಿ ಒಬ್ಬನೂ ಗುದ್ದಲಿ ಹಾಕಲಿಲ್ಲ. ಹಾಕುವಂತೆಯೂ ಇರಲಿಲ್ಲ. ಟೌನ್ ಪ್ಲಾನಿಂಗ್ ಸ್ಕೀಮ್ ಆಗಬೇಕು, ಗಲ್ಲಿಗಳು ರಸ್ತೆಗಳಾಗಬೇಕು, ನಿವೇಶನದ ಅಳತೆ ನೋಡಿ ಶೇ. 10ರಿಂದ 35ರವರೆಗೆ ಜಾಗ ಬಿಡಬೇಕು, ಆಮೇಲೆ ಕಟ್ಟುವ ಮಾತು. ಅಷ್ಟರಲ್ಲಿ ಮಳೆಗಾಲ ಬಂತು. ಕೆಳಗಿನ ಮೂರು ಸಾಲು ಚೀಲ ಕಲ್ಲಾಯಿತು, ಮೇಲಿನದು ಗಂಟು ಕಟ್ಟಿತು. ಆಗ ಚೀಲಕ್ಕೆ 140 ರೂಪಾಯಿಯ ಆಸುಪಾಸು. ಜರಡಿ ಹಿಡಿದು ನೆಲದ ಕಾಂಕ್ರೀಟಿಗೆ ಅಂತ ಒಂದಷ್ಟು ಕಾಸಿಗೆ ಕೊಟ್ಟೆವು. ಸೇಠರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮರಳಿನದು ಇನ್ನೊಂದು ಪಾಠ. ಲಾರಿ ಬಾಡಿ ಅಳೆದು ನೂರು ಸಿಎಫ್‌ಟಿಗೆ (ಘನ ಅಡಿಗೆ) ದುಡ್ಡು ಕೊಡುತ್ತಿದ್ದೆ. ಬರುತ್ತಿದ್ದದ್ದು ತೇವದ ಮರಳು. ಅಂಗಳದಲ್ಲಿ ಹರವಿ ಒಣಗಿಸಿ ಮತ್ತೆ ಅಳೆದರೆ ಎಂಬತ್ತು. ತೇವದ ಮರಳು ಉಬ್ಬುತ್ತದೆ ಅಂತ ಡಿಪ್ಲೊಮಾದಲ್ಲಿ ಬರೆದು ಪಾಸಾಗಿದ್ದವನೇ ನಾನು! ನಾಲ್ಕು ತಿಂಗಳು ಗಾಳಿಗೆ ದುಡ್ಡು ಕೊಟ್ಟೆ.

ನೀರನ್ನಂತೂ ಯಾರ ಎಸ್ಟಿಮೇಟಿನಲ್ಲೂ ಕಾಣಲಿಲ್ಲ. ಅಲ್ಲಿ ಬೋರ್‌ವೆಲ್ ಕೊರೆದರೆ ಎಷ್ಟೋ ಕಡೆ ಉಪ್ಪುನೀರು. ಕಂಬಿ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ (ಉಪ್ಪಿನ ಅಂಶ) ಮಿತಿ, ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲೇ ಇದೆ. ನಾನು ಪರೀಕ್ಷೆ ಮಾಡಿಸಿದ ಐದು ಬೋರಿನಲ್ಲಿ ಮೂರು ಫೇಲು. ಕಲಸುವ ನೀರು ಚೀಲಕ್ಕೆ ಇಪ್ಪತ್ತೈದು ಮೂವತ್ತು ಲೀಟರ್, ಅದನ್ನು ಹೇಗೋ ಹೊಂದಿಸಬಹುದು. ಕಾಂಕ್ರೀಟ್ ಗಟ್ಟಿಯಾಗಲೆಂದು ವಾರಗಟ್ಟಲೆ ಒದ್ದೆ ಇಡುವ, ಅಂದರೆ ಕ್ಯೂರಿಂಗ್ ಮಾಡುವ ನೀರು? ಟ್ಯಾಂಕರ್ ಸಿಗದ ವಾರ ಆ ಸಾಲಿನ ಮನೆಗಳಿಗೆ ಸಿಮೆಂಟೂ ಹೋಗುವುದಿಲ್ಲ. ಈ ನಂಟು ಹೊಳೆದ ಮೇಲೆ ಚೀಲದ ಲೆಕ್ಕ ಬಿಟ್ಟು ಟ್ಯಾಂಕರ್ ಎಣಿಸತೊಡಗಿದೆ. ಅಲ್ಲಿಂದ ಪಾಯದ ಗುಂಡಿ ಎಣಿಸುವುದಕ್ಕೆ ಬಂದೆ.

ರಾವಲ್‌ವಾಡಿ, ಮುಂದ್ರಾ ರಸ್ತೆ, ಆರ್‌ಟಿಓ ಹತ್ತಿರ ಭುಜ್‌ನ ಹೊಸ ಬಡಾವಣೆಗಳು ಎದ್ದವು. ವಾರಕ್ಕೊಮ್ಮೆ ಸೈಕಲ್ ಹತ್ತಿ, ಇಪ್ಪತ್ತು ನಿವೇಶನಕ್ಕೆ ಒಂದರಂತೆ ಆರಿಸಿಟ್ಟ ಅವೇ ನಿವೇಶನಗಳನ್ನು ನೋಡುತ್ತಿದ್ದೆ. ಪುಸ್ತಕದಲ್ಲಿ ನಾಲ್ಕೇ ಕಾಲಂ: ಗುಂಡಿ, ಪ್ಲಿಂತ್ (ನೆಲದಿಂದ ಎತ್ತಿದ ಅಡಿಕಟ್ಟು), ಲಿಂಟೆಲ್ (ಬಾಗಿಲು-ಕಿಟಕಿ ಮೇಲಿನ ತೊಲೆ), ಸ್ಲ್ಯಾಬ್ (ಕಾಂಕ್ರೀಟ್ ಚಾವಣಿ). ಸರ್ಕಾರದ ಸಹಾಯಧನ ಕಂತಿನಲ್ಲಿ ಬರುತ್ತಿತ್ತು, ಇಷ್ಟು ಹಂತ ಮುಗಿದರೆ ಮುಂದಿನ ಚೆಕ್. ಹಾಗಾಗಿ ಮನೆ ಮೇಲೇಳುವುದಲ್ಲ, ನಿಂತು ನಿಂತು ಜಿಗಿಯುವುದು. ಪ್ಲಿಂತ್ ಮುಗಿದ ಮನೆ ಮೂರು ವಾರ ಸುಮ್ಮನಿದ್ದು, ಚೆಕ್ ಬಂದ ಮರುದಿನ ಸಿಮೆಂಟ್ ಕೇಳುತ್ತದೆ. 400 ಚದರಡಿಯ ಕಲ್ಲಿನ ಮನೆಗೆ ಭೂಕಂಪದ ಬ್ಯಾಂಡ್‌ಗಳೂ (ಗೋಡೆಗಳನ್ನು ಸುತ್ತ ಬಿಗಿಯುವ ಕಾಂಕ್ರೀಟ್ ಪಟ್ಟಿಗಳೂ) ಸೇರಿ 140-150 ಚೀಲ ಅಂತ ಹಿಡಿದಿದ್ದೆ. ಅದರಲ್ಲಿ ಸ್ಲ್ಯಾಬ್ ಒಂದಕ್ಕೇ 35, ಕಂಬಿ ಮುನ್ನೂರು ಮುನ್ನೂರೈವತ್ತು ಕಿಲೋ. ಇಂದು ಎಷ್ಟು ಲಿಂಟೆಲ್ ಆಗಿದೆ ಅಂತ ಗೊತ್ತಿದ್ದರೆ ಮುಂದಿನ ತಿಂಗಳ ಕಂಬಿ ಗೊತ್ತಾದಂತೆ.

ಆಫೀಸಿನಲ್ಲಿ ನಗುತ್ತಿದ್ದರು. ನಮ್ಮ ಅಕೌಂಟೆಂಟ್ ನನ್ನನ್ನು ‘ಖಾಡಾ ಭಾಯ್’ ಅನ್ನುತ್ತಿದ್ದ. ಖಾಡಾ ಅಂದರೆ ಗುಂಡಿ.

ನಡುವೆ ಅವಶೇಷದ ಹುಚ್ಚು ಹತ್ತಿತು. ಬಿದ್ದ ಕಲ್ಲನ್ನೇ ಜಲ್ಲಿ ಮಾಡಿದರೆ ಲಾರಿ ಬಾಡಿಗೆ ಉಳಿಯುತ್ತದಲ್ಲ ಅಂತ ಕೈಯಿಂದಲೇ ಒಡೆಸಿ, ಗಟ್ಟಿತನದ ಪರೀಕ್ಷೆಗೆ ಕಾಂಕ್ರೀಟಿನ ಒಂಬತ್ತು ಕ್ಯೂಬ್ ಹಾಕಿದೆ. ಮೆತ್ತಗಿನ ಮರಳುಗಲ್ಲು, ನೀರನ್ನೆಲ್ಲ ಅದೇ ಕುಡಿಯಿತು. ಏಳನೇ ದಿನ ಮೆಷಿನ್‌ಗಿಟ್ಟರೆ ರಸ್ಕಿನ ಹಾಗೆ ಮುರಿಯಿತು. ಆದರೂ ಒಂದು ಲಾಭ ಆಯಿತು. ಹಳೆಯ ನಕಾಶೆ ಉಳಿದಿದ್ದ ಒಂದು ಮನೆಯ ಗೋಡೆಯ ಘನ ಅಳತೆ ತೆಗೆದು, ಬಿದ್ದ ರಾಶಿಯನ್ನೂ ಅಳೆದೆ. ರಾಶಿ ಗೋಡೆಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಆಮೇಲೆ ರಾಶಿ ನೋಡಿದರೆ ಸಾಕು, ಪ್ಲಿಂತ್ ತುಂಬಲು ಎಷ್ಟು ಸಿಗುತ್ತದೆ, ಹೊರಗಿನಿಂದ ಎಷ್ಟು ತರಬೇಕು ಅಂತ ಹೇಳುತ್ತಿದ್ದೆ. ಹಳೆಯ ಸಾಗುವಾನಿ ತೊಲೆ, ಬಾಗಿಲುಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಬೇಡಿ. ಅವು ರಾಶಿಯಲ್ಲಿ ಉಳಿದಿರುವುದಿಲ್ಲ.

ಪಂಚಾಂಗವೂ ಎಸ್ಟಿಮೇಟಿನ ಭಾಗ. ಗುಜರಾತಿನಲ್ಲಿ ಡಿಸೆಂಬರ್ ನಡುವಿನಿಂದ ಉತ್ತರಾಯಣದವರೆಗೆ ಕಮುರ್ತಾ, ನಮ್ಮ ಧನುರ್ಮಾಸ. ಹೊಸ ಗುಂಡಿ ತೋಡುವುದಿಲ್ಲ, ಶುರುವಾದದ್ದು ನಡೆಯುತ್ತದೆ. ಹೋಳಿಗೆ ಪೂರ್ವ ಗುಜರಾತಿನ ದಾಹೋದ್ ಕಡೆಯ ಕೂಲಿಗಳೆಲ್ಲ ಊರಿಗೆ. ಈ ಎರಡರ ನಡುವಿನ ಏಳರಿಂದ ಹತ್ತು ವಾರದಲ್ಲೇ ಎಲ್ಲರಿಗೂ ಎಲ್ಲವೂ ಬೇಕು. ಅದನ್ನು ನಂಬಿ ಕಮುರ್ತಾದಲ್ಲಿ, ಮಾರ್ಕೆಟ್ ಮಲಗಿದ್ದಾಗ, ಹನ್ನೊಂದು ಸಾವಿರ ಚೀಲ ಬುಕ್ ಮಾಡಿ ಅಂದೆ. ಸೇಠರು ಹಳೆಯ ಕಲ್ಲುಚೀಲ ನೆನಪಿಸಿದರು. ಪುಸ್ತಕ ಮುಂದಿಟ್ಟೆ. ಅರ್ಧ ಗಂಟೆ ತಿರುವಿ ಹಾಕಿ, ‘ಈ ಸಲ ಕಲ್ಲಾದರೆ ನಿನ್ನ ಸಂಬಳದಲ್ಲಿ ಗೋಡೆ ಕಟ್ಟುತ್ತೇನೆ’ ಅಂದು ಸಹಿ ಹಾಕಿದರು. ಹೋಳಿ ಹೊತ್ತಿಗೆ ಗೋದಾಮಿನಲ್ಲಿ ಐನೂರು ಆರುನೂರು ಚೀಲ ಉಳಿದಿತ್ತು, ಅಷ್ಟೇ. ಪಕ್ಕದ ವ್ಯಾಪಾರಿಗಳು ನಮ್ಮಲ್ಲೇ ಬಂದು ಕೊಂಡರು. ಅಕೌಂಟೆಂಟ್ ಖಾಡಾ ಭಾಯ್ ಅನ್ನುವುದನ್ನು ಬಿಡಲಿಲ್ಲ, ಆದರೆ ಚಹಾ ಅವನೇ ತರಿಸತೊಡಗಿದ.

ಯಾವ ಮನೆಯವನು ಒಂದೇ ಅಂತಸ್ತಿಗೆ ನಿಲ್ಲಿಸುತ್ತಾನೆ, ಯಾವನು ಮೇಲೂ ಏರಿಸುತ್ತಾನೆ ಅಂತ ಗುಂಡಿಯಲ್ಲೇ ಗುರುತಿಸಲು ಎರಡು ಗುರುತುಗಳಿವೆ. ಒಂದು ಪಾಯದ ಅಗಲ, ಅದು ನಿಮಗೂ ಗೊತ್ತು. ಇನ್ನೊಂದನ್ನು ಹೇಳುವುದಿಲ್ಲ, ನನ್ನ ಮಗನೂ ಇದೇ ಕಸುಬಿನಲ್ಲಿದ್ದಾನೆ.

2009ರ ನೆರೆಯ ನಂತರ ಬಾಗಲಕೋಟೆ ಕಡೆ ಇದೇ ಪುಸ್ತಕ ಹಿಡಿದು ಹೋದೆ. ನಾನು ಹೋದ ಊರಲ್ಲಿ ಮನೆಯವರು ಕಟ್ಟುತ್ತಿರಲಿಲ್ಲ. ಗುತ್ತಿಗೆದಾರ ನೂರು ಗುಂಡಿಯನ್ನು ಒಂದೇ ವಾರದಲ್ಲಿ ಜೆಸಿಬಿಯಿಂದ ತೋಡಿಸಿಬಿಟ್ಟಿದ್ದ. ಗುಂಡಿ ನಂಬಿದ್ದರೆ ಮತ್ತೆ ಕಲ್ಲುಚೀಲವೇ. ಎರಡು ದಿನ ಅವನ ಶೆಡ್ಡಿನ ಹತ್ತಿರ ಕೂತು ಸೆಂಟ್ರಿಂಗ್ ಶೀಟು (ಸ್ಲ್ಯಾಬ್ ಹಾಕುವಾಗ ಕೆಳಗೆ ಹಾಸುವ ತಗಡು) ಎಣಿಸಿದೆ. ಒಂದು ಹೊತ್ತಿಗೆ ಆರು ಮನೆಗಾಗುವಷ್ಟೇ ಇತ್ತು. ಆರಕ್ಕೇ ಆರ್ಡರ್ ಕೊಟ್ಟೆ.