ಕನಸಿನ ಕಾರು ಬರೋವರೆಗೂ ಕಾಯ್ಬೇಡಿ, ಇರೋ ಕಾರಲ್ಲೇ ಟ್ರ್ಯಾಕಿಗಿಳೀರಿ

ಕಾರ್ ಹುಚ್ಚು ಹತ್ತಿರೋರ ತಲೇಲಿ ಒಂದಲ್ಲ ಒಂದು ಕಾರ್ ಕೂತೇ ಇರತ್ತೆ. ಕೆಲವರಿಗೆ ಫೆರಾರಿ ಎಫ್40, ಇನ್ನು ಕೆಲವರಿಗೆ ಪೋರ್ಷೆ 911 ಜಿಟಿ3, ಅದರ 4 ಲೀಟರ್ ಇಂಜಿನ್ ಟರ್ಬೋ ಗಿರ್ಬೋ ಇಲ್ದೆ 9000 ಆರ್‌ಪಿಎಂವರೆಗೂ ಕೂಗೋದನ್ನ ಒಂದ್ಸಲ ಹತ್ರದಿಂದ ಕೇಳಿದ್ರೆ ಮುಗೀತು ಕಥೆ. ಆದ್ರೆ "ಅದು ಬಂದ್ಮೇಲೆ ಟ್ರ್ಯಾಕ್ ಡೇಗೆ, ಅಂದ್ರೆ ನಮ್ ಕಾರನ್ನ ರೇಸ್ ಟ್ರ್ಯಾಕಲ್ಲಿ ನಾವೇ ಓಡಿಸೋ ದಿನಕ್ಕೆ, ಹೋದ್ರಾಯ್ತು" ಅಂತ ಕೂರೋದಿದ್ಯಲ್ಲ, ಅದು ನನ್ ಪ್ರಕಾರ ಪೂರ್ತಿ ಉಲ್ಟಾ. 500 ಎಚ್‌ಪಿ ಕಾರು ನಿಮ್ ತಪ್ಪನ್ನ ಸ್ಟ್ರೇಟಲ್ಲಿ, ಅಂದ್ರೆ ನೇರ ದಾರೀಲಿ, ಮುಚ್ಚಿಹಾಕತ್ತೆ, ನೀವು ಕಾರ್ನರ್ ಕೆಡಿಸಿದ್ದು ನಿಮಗೇ ಗೊತ್ತಾಗಲ್ಲ. ಅದೇ ಸುಮಾರು 1000 ಕೆಜಿ ತೂಗೋ, ಪವರ್ ಕಮ್ಮಿ ಇರೋ 1989ರ ಮಾಜ್ದಾ ಎಂಎಕ್ಸ್-5 ಥರದ್ದು, ಅಥವಾ ದಿನಾ ಓಡಿಸೋ ಹ್ಯಾಚ್‌ಬ್ಯಾಕೇ ಆಗ್ಲಿ, ಕಾರ್ನರಲ್ಲಿ ಕಳ್ಕೊಂಡ ಸ್ಪೀಡ್ ಮುಂದಿನ ಸ್ಟ್ರೇಟ್ ಪೂರ್ತಿ ವಾಪಸ್ ಬರಲ್ಲ. ಕಲಿಯೋದು ಅಲ್ಲೇ.

ದುಡ್ಡು ಹಾಕೋದಾದ್ರೆ ಎಕ್ಸಾಸ್ಟಿಗೆ ಬೇಡ, ಬ್ರೇಕಿಗೆ ಹಾಕಿ. ಸ್ಪೀಡ್ ಡಬಲ್ ಆದ್ರೆ ಬ್ರೇಕ್ ಅರಗಿಸ್ಕೋಬೇಕಾದ ಶಕ್ತಿ ನಾಲ್ಕು ಪಟ್ಟಾಗತ್ತೆ, ಅಂದ್ರೆ 200 ಕಿಮೀ ಸ್ಪೀಡಿಂದ ನಿಲ್ಸೋದು 100ರಿಂದ ನಿಲ್ಸೋದಕ್ಕಿಂತ ನಾಲ್ಕು ಪಟ್ಟು ಬಿಸಿ ಹುಟ್ಸತ್ತೆ, ಅದೂ ಒಂದ್ಸಲ ಅಲ್ಲ, ಲ್ಯಾಪ್ ಮೇಲೆ ಲ್ಯಾಪ್. ಪೆಡಲ್ ಒತ್ತಡನ ಚಕ್ರದ ಬ್ರೇಕಿಗೆ ಮುಟ್ಟಿಸೋ ಬ್ರೇಕ್ ಫ್ಲೂಯಿಡ್ ಗಾಳೀಲಿರೋ ತೇವ ಹೀರ್ಕೊಳ್ತಾ ಹೋಗತ್ತೆ, ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಬಾರ್ದು ಅಂತ ಸ್ಟ್ಯಾಂಡರ್ಡ್ ಇದೆ, ತೇವ ಸೇರಿದ ಫ್ಲೂಯಿಡಿಗೆ ಆ ಲೆಕ್ಕ 155ಕ್ಕೆ ಇಳಿಯತ್ತೆ. ಫ್ಲೂಯಿಡ್ ಕುದಿದ್ರೆ ಬ್ರೇಕ್ ಲೈನಲ್ಲಿ ಗುಳ್ಳೆ, ಗುಳ್ಳೆ ಇದ್ರೆ ಪೆಡಲ್ ಮೆತ್ತಗಾಗಿ ಕೆಳಗ್ ಹೋಗತ್ತೆ. ಪೆಡಲ್ ಗಟ್ಟಿಯಾಗೇ ಇದ್ದು ಕಾರ್ ಮಾತ್ರ ನಿಲ್ತಿಲ್ಲ ಅಂದ್ರೆ ಅದು ಡಿಸ್ಕನ್ನ ಒತ್ತಿ ಹಿಡಿಯೋ ಬ್ರೇಕ್ ಪ್ಯಾಡ್ ವಿಪರೀತ ಬಿಸಿಯಾಗಿರೋದು, ಎರಡೂ ಬೇರೆ ಬೇರೆ. ಯಾವುದೇ ಆದ್ರೂ ಸ್ಪೀಡ್ ಇಳಿಸಿ, ಆರಾಮಾಗಿ ಪಿಟ್ಟಿಗೆ, ಅಂದ್ರೆ ಟ್ರ್ಯಾಕ್ ಪಕ್ಕ ಕಾರ್ ನಿಲ್ಲಿಸೋ ಜಾಗಕ್ಕೆ, ಬನ್ನಿ. ಹಾಗಾಗಿ ಹೋಗೋಕ್ ಮುಂಚೆ ಫ್ಲೂಯಿಡ್ ಬದಲಾಯ್ಸಿ, ಪ್ಯಾಡ್ ಅರ್ಧಕ್ಕಿಂತ ಸವ್ದಿದ್ರೆ ಅದನ್ನೂ ಬದಲಾಯ್ಸಿ.

ಟೈರ್ ಹೊಸದೇ ಬೇಕು ಅಂತಿಲ್ಲ, ಆದ್ರೆ ಒಡ್ಕೊಂಡಿರ್ಬಾರ್ದು, ರಬ್ಬರ್ ಸವ್ದು ಒಳಗಿನ ದಾರ ಕಾಣ್ಬಾರ್ದು. ವೀಲ್ ನಟ್‌ನ ಕಂಪನಿ ಹೇಳಿರೋ ಟಾರ್ಕಿಗೆ ಟಾರ್ಕ್ ರೆಂಚಲ್ಲೇ ಬಿಗೀರಿ, ಅಂದಾಜಲ್ಲಿ ಬೇಡ. ಕಾರೊಳಗಿರೋ ನೀರಿನ ಬಾಟ್ಲಿ, ಮ್ಯಾಟು, ಚಾರ್ಜರು ಎಲ್ಲಾ ಹೊರಗೆ. ಮ್ಯಾಟ್ ಜಾರಿ ಪೆಡಲ್ ಕೆಳಗೆ ಸೇರ್ಕೊಂಡ್ರೆ ಏನಾಗತ್ತೆ ಅಂತ ನಾನ್ ಹೇಳ್ಬೇಕಾಗಿಲ್ಲ. ಹೆಲ್ಮೆಟ್‌ಗೆ ಸ್ನೆಲ್ ಎಸ್‌ಎ ಅನ್ನೋ ಕಾರ್ ರೇಸಿಂಗ್ ಹೆಲ್ಮೆಟ್ ರೇಟಿಂಗ್ ಇದ್ರೆ ಒಳ್ಳೇದು, ಅದರ ಒಳಪದರ ಬೆಂಕಿ ತಡ್ಯೋ ಥರದ್ದು, ಬೈಕ್ ಹೆಲ್ಮೆಟ್ ಕೆಲವು ಕಡೆ ಬಿಡ್ತಾರೆ ಕೆಲವು ಕಡೆ ಬಿಡಲ್ಲ, ಸೌಂಡ್ ಲಿಮಿಟೂ ಒಂದೊಂದು ಟ್ರ್ಯಾಕಲ್ಲಿ ಒಂದೊಂದು, ಬುಕ್ ಮಾಡೋವಾಗ್ಲೇ ಕೇಳ್ಕೊಳ್ಳಿ. ಇನ್ಶೂರೆನ್ಸ್ ಪಾಲಿಸಿ ಸಣ್ಣಕ್ಷರ ಸಮೇತ ಓದಿ, ಮಾಮೂಲಿ ಪಾಲಿಸೀಲಿ ಟ್ರ್ಯಾಕ್ ಡ್ಯಾಮೇಜ್ ಸಾಮಾನ್ಯವಾಗಿ ಬರಲ್ಲ. ಕಾರ್ ಗೋಡೆಗೆ ಹೊಡೆದ್ರೆ ಆ ಖರ್ಚು ತಡ್ಕೊಳ್ತೀನಾ ಅಂತ ಮನೇಲೇ ಯೋಚ್ನೆ ಮಾಡಿ.

ಬೆಳಗ್ಗಿನ ಬ್ರೀಫಿಂಗ್ ತಪ್ಪಿಸ್ಬೇಡಿ. ಹಳದಿ ಬಾವುಟ ಅಂದ್ರೆ ಮುಂದೆ ಅಪಾಯ, ನಿಧಾನ ಮಾಡಿ, ಓವರ್‌ಟೇಕ್ ಇಲ್ಲ. ಕೆಂಪು ಅಂದ್ರೆ ಸೆಷನ್ ನಿಂತಿದೆ. ನೀಲಿ ಅಂದ್ರೆ ಹಿಂದೆ ಜೋರಾಗಿರೋರು ಬಂದಿದ್ದಾರೆ. ಹಳದಿ-ಕೆಂಪು ಪಟ್ಟೆ ಇದ್ರೆ ರೋಡಲ್ಲಿ ಆಯಿಲ್ಲೋ ಮಣ್ಣೋ ಬಿದ್ದು ಜಾರ್ತಿದೆ. ಟ್ರ್ಯಾಕ್ ಡೇ ಅನ್ನೋದು ರೇಸ್ ಅಲ್ಲ, ಟೈಮಿಂಗ್ ಆಸೆ ಮೊದಲ ದಿನ ಮರ್ತುಬಿಡಿ. ಹಿಂದಿನೋರಿಗೆ ಸ್ಟ್ರೇಟಲ್ಲಿ ಸಿಗ್ನಲ್ ಕೊಟ್ಟು ದಾರಿ ಬಿಡಿ, ಅದ್ರಲ್ಲಿ ಮಾನ ಹೋಗೋದೇನಿಲ್ಲ. ನಿಜ ಹೇಳ್ಬೇಕಂದ್ರೆ ಕನ್ನಡಿ ನೋಡ್ದೆ ಇರೋರೇ ಟ್ರ್ಯಾಕಲ್ಲಿ ಎಲ್ಲರಿಗೂ ತಲೆನೋವು.

ಸೀಟು ಹತ್ರ ಎಳ್ಕೊಳ್ಳಿ, ಭುಜ ಸೀಟಿಗೆ ತಾಗಿರೋವಾಗ ಕೈ ಚಾಚಿದ್ರೆ ಮಣಿಕಟ್ಟು ಸ್ಟೀರಿಂಗ್ ಮೇಲ್ತುದಿ ಮೇಲೆ ಕೂರ್ಬೇಕು, ಬ್ರೇಕ್ ಪೂರ್ತಿ ಒತ್ತಿದ್ರೂ ಮಂಡಿ ಸ್ವಲ್ಪ ಮಡ್ಚಿರ್ಬೇಕು. ಮೊದಲ ಲ್ಯಾಪ್ ನಿಧಾನ, ಟೈರು ಬ್ರೇಕು ಬಿಸಿಯಾಗ್ಲಿ. ಬ್ರೇಕೆಲ್ಲಾ ನೇರ ಇರೋವಾಗ್ಲೇ ಮುಗ್ಸಿ, ಆಮೇಲೆ ತಿರುಗ್ಸಿ, ಕಾರ್ನರ್ ಒಳ ಅಂಚನ್ನ ಅಂದ್ರೆ ಅಪೆಕ್ಸ್‌ನ ಸ್ವಲ್ಪ ತಡವಾಗಿ ಮುಟ್ಟಿ, ಬೇಗ ಮುಟ್ಟಿದ್ರೆ ಹೊರಗ್ ಬರೋವಾಗ ರೋಡ್ ಸಾಲಲ್ಲ. ಕಣ್ಣು ಮಾತ್ರ ಯಾವಾಗ್ಲೂ ಮುಂದಿನ ಜಾಗಕ್ಕೆ, ಗೋಡೆ ನೋಡ್ತಾ ಇದ್ರೆ ಕೈ ಗೋಡೆ ಕಡೇನೇ ಹೋಗತ್ತೆ. ಕಾರ್ನರ್ ಮಧ್ಯ ಹೆದರಿ ಗಬಕ್ಕನೆ ಆಕ್ಸಿಲರೇಟರ್ ಬಿಡೋ ಚಟ ಈಗ್ಲೇ ಬಿಡಿ, ಯಾಕಂದ್ರೆ ಭಾರ ಮುಂದಕ್ಕೆ ಹೋಗಿ ಹಿಂದಿನ ಟೈರು ಹಗುರಾಗತ್ತೆ, ಹಿಂಭಾಗದಲ್ಲೇ ಇಂಜಿನ್ ಹೊತ್ತಿರೋ 911 ಥರದ ಕಾರಲ್ಲಿ, ಅದೂ ಹಳೇ ಮಾಡೆಲಲ್ಲಿ, ಹಿಂಭಾಗ ನಿಮಗಿಂತ ಮುಂಚೆ ಹೊರಡತ್ತೆ. ಕಾರ್ ಜಾರಿ ತಿರುಗ್ದೇ ಇರೋ ಹಾಗೆ ನೋಡ್ಕೊಳ್ಳೋ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡೋ ಬಟನ್ ಕಡೆ ಕೈ ಹಾಕ್ಬೇಡಿ. ಇನ್‌ಸ್ಟ್ರಕ್ಟರ್ ಸಿಗ್ತಾರೆ ಅಂದ್ರೆ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಯಾವ ಅಪ್‌ಗ್ರೇಡೂ ಅದಕ್ಕೆ ಸಮ ಇಲ್ಲ.

ಕೊನೇ ಲ್ಯಾಪ್ ಬ್ರೇಕ್ ಆದಷ್ಟೂ ಮುಟ್ಟದೆ ತಣ್ಣಗೆ ಓಡ್ಸಿ, ಪಾರ್ಕ್ ಮಾಡಿದ್ಮೇಲೆ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಏನಾದ್ರೂ ಇಡಿ.

ಇನ್ನು ಪ್ಯಾಡಕ್ಕಲ್ಲಿ, ಅಂದ್ರೆ ಪಿಟ್ ಹಿಂದೆ ಎಲ್ಲರೂ ಕಾರ್ ನಿಲ್ಲಿಸೋ ಅಂಗಳದಲ್ಲಿ, ನಿಮ್ ಕನಸಿನ ಕಾರ್ ನಿಂತಿದ್ರೆ? ಹೋಗಿ ನೋಡಿ, ಆದ್ರೆ ಓನರ್ ಈಗಷ್ಟೇ ಇಳ್ದು ಟೈರ್ ಪ್ರೆಶರ್ ನೋಡ್ತಿರೋವಾಗಲ್ಲ, ಮತ್ತೆ ಕೇಳ್ದೆ ಮುಟ್ಬೇಡಿ. "ಎಷ್ಟಾಯ್ತು ಸಾರ್" ಅಂತ ಶುರು ಮಾಡೋದಕ್ಕಿಂತ "ಟೈರ್ ಯಾವ್ದು ಹಾಕಿದೀರ, ಬ್ರೇಕ್ ಎಷ್ಟು ಲ್ಯಾಪ್ ತಡ್ಕೊಳತ್ತೆ" ಅಂತ ಕೇಳಿ ನೋಡಿ, ಮಾತು ಎಲ್ಲಿಂದೆಲ್ಲಿಗೋ ಹೋಗತ್ತೆ. ರೂಲ್ಸಲ್ಲಿ ಅವಕಾಶ ಇದ್ದು ಅವ್ರೇ ಒಂದು ರೌಂಡ್ ಕರೆದ್ರೆ ಹತ್ತಿ, ವಿಡಿಯೋ ಬೇಡ, ಅವ್ರು ಎಲ್ಲಿ ಬ್ರೇಕ್ ಹಿಡೀತಾರೆ, ಕೈ ಎಷ್ಟು ಕಮ್ಮಿ ಆಡತ್ತೆ ಅದನ್ನ ನೋಡಿ.

ವಾಪಸ್ ಹೊರಡೋಕ್ ಮುಂಚೆ ವೀಲ್ ನಟ್ ಇನ್ನೊಂದ್ಸಲ ಚೆಕ್ ಮಾಡಿ, ಟ್ರ್ಯಾಕಲ್ಲಿ ಟೈರ್ ಬಿಸಿಯಾಗಿ ಪ್ರೆಶರ್ ಏರಿದಾಗ ಗಾಳಿ ಬಿಟ್ಟಿದ್ರೆ, ಅದನ್ನ ಮತ್ತೆ ತುಂಬ್ಸಿ, ಇಲ್ಲಾಂದ್ರೆ ತಣ್ಣಗಾದ್ಮೇಲೆ ಪ್ರೆಶರ್ ರೋಡಿಗೆ ಸಾಲಲ್ಲ.