ಬಾಳೆ, ಮುರುಗೋಡು, ಗಿರ್ಲು: ಮೀಸೆ ಮೀನಿಗೆ ನಾನು ಗಾಳ ಕಟ್ಟೋ ರೀತಿ

ಮೀಸೆ ಇರೋ ಮೀನೆಲ್ಲ ಒಂದೇ ಅಂದುಕೊಂಡು ಒಂದೇ ಗಾಳ ಕಟ್ಟಿ ಕೂತರೆ ಸೊಳ್ಳೆ ಕಚ್ಚಿಸಿಕೊಂಡಿದ್ದೇ ಲಾಭ. ನಮ್ಮ ಕೆರೆ, ಹೊಳೆಗಳಲ್ಲಿ ಸಿಗೋದು ಹೆಚ್ಚಾಗಿ ಬಾಳೆ, ಮುರುಗೋಡು, ಗಿರ್ಲು, ಚೇಳು ಮೀನು (ಊರು ಬದಲಾದರೆ ಹೆಸರೂ ಬದಲಾಗುತ್ತೆ). ಇವುಗಳ ನಡುವೆ ಈಗ ಆಫ್ರಿಕನ್ ಕ್ಯಾಟ್‌ಫಿಶ್ ಬಂದು ಬೀಡುಬಿಟ್ಟಿದೆ. ಬಾಳೆ ಬೇಟೆಗಾರ, ಅದಕ್ಕೆ ಸಣ್ಣ ಮೀನು ಬೇಕು. ಮುರುಗೋಡು ಕೆಸರಲ್ಲಿ ತಡಕಾಡಿ ಸಿಕ್ಕಿದ್ದನ್ನ ತಿನ್ನೋ ಜಾತಿ. ಗಿರ್ಲು ಗುಂಪಾಗಿ ಬಂದು ಎರೆಹುಳು ಕಿತ್ತುಕೊಂಡು ಹೋಗುತ್ತೆ. ಯಾವುದಕ್ಕೆ ಕೂರ್ತೀನಿ ಅನ್ನೋದು ಮನೆ ಬಿಡೋ ಮುಂಚೆಯೇ ತೀರ್ಮಾನ ಆಗಿರಬೇಕು.

ಬಾಳೆಯನ್ನ ಬಿಟ್ಟರೆ ಉಳಿದವೆಲ್ಲ ಕಣ್ಣಿಗಿಂತ ಮೀಸೆಯನ್ನೂ ವಾಸನೆಯನ್ನೂ ನಂಬಿ ಬದುಕೋವು. ಮೀಸೆಯ ಮೇಲೆ ರುಚಿ ಗೊತ್ತಾಗುತ್ತೆ. ಅದಕ್ಕೇ ಗಾಳ ನೆಲಕ್ಕೆ ಕೂತಿರಬೇಕು, ಎರೆಯಿಂದ ವಾಸನೆ ಬಿಡ್ತಾ ಇರಬೇಕು. ಬೈಕಿಗೆ ಪೆಟ್ರೋಲ್ ಹಾಕಿಸಿ, ಬೀಡಿ ಸೇದಿ, ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲೇ ಎರೆ ಮುಟ್ಟೋವರು ಬಹಳ ಜನ. ನಾನು ಮೊದಲು ಕೆರೆಯ ಕೆಸರಲ್ಲೇ ಕೈ ಉಜ್ಜಿ ತೊಳೀತೀನಿ; ಸೋಪಲ್ಲ.

ಮುರುಗೋಡಿಗೆ 0.40 ಮಿಮೀ ನೈಲಾನ್ ದಾರ, 1/0 ಗಾಳ ಸಾಕು. ಬಾಳೆಗೆ 0.50 ಮಿಮೀ ದಾರ, 4/0ರಿಂದ 6/0. ಗಿರ್ಲುಗೆ ಬಾಯಿ ಸಣ್ಣದು, 6 ಅಥವಾ 8ನೇ ನಂಬರ್. ಅಂಗಡಿಯಲ್ಲಿ ಇಲ್ಲೇ ಎಡವೋದು: ಬರೀ ನಂಬರ್ ಇದ್ದರೆ ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು, ಮುಂದೆ ‘/0’ ಇದ್ದರೆ ನಂಬರ್ ಹೆಚ್ಚಿದಷ್ಟೂ ದೊಡ್ಡದು. ಹೊಸ ಗಾಳದ ಮೊನೆಯನ್ನೂ ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಕಚ್ಚಿ ನಿಲ್ಲಬೇಕು. ಜಾರಿದರೆ ಅರದಿಂದ ಉಜ್ಜಿ ಚೂಪು ಮಾಡಿ.

ಕಟ್ಟೋ ಕ್ರಮ ಹೀಗೆ. ದಾರಕ್ಕೆ ನಡುವೆ ತೂತಿರೋ ಸೀಸದ ಗುಂಡು ಪೋಣಿಸಿ. ನಿಂತ ನೀರಿಗೆ 20ರಿಂದ 30 ಗ್ರಾಂ, ಹರಿಯೋ ಹೊಳೆಗೆ 60 ಗ್ರಾಂ, ಸೆಳೆತ ಜೋರಿದ್ದರೆ 100. ಅದರ ಕೆಳಗೆ ಒಂದು ಮಣಿ, ಆಮೇಲೆ ಸ್ವಿವೆಲ್ (ದಾರ ಹುರಿಯಾಗದ ಹಾಗೆ ತಿರುಗೋ ಲೋಹದ ಕೊಂಡಿ), ಸ್ವಿವೆಲ್‌ನಿಂದ 40 ಸೆಂ.ಮೀ. ದಾರ, ತುದಿಗೆ ಗಾಳ. ಗುಂಡು ದಾರದ ಮೇಲೆ ಸಲೀಸಾಗಿ ಓಡಬೇಕು. ಗಂಟು ಹಾಕಿ ಬಿಗಿದರೆ ಮೀನು ಎರೆ ಎಳೆದ ಕೂಡಲೇ ಭಾರ ತಾಕಿ ಉಗುಳಿಬಿಡುತ್ತೆ. ಮಣಿ ಇಲ್ಲದಿದ್ದರೆ ಗುಂಡು ಬಡಿದು ಬಡಿದು ಗಂಟು ಸವೆಯುತ್ತೆ. ಗಾಳಕ್ಕೆ ಗಂಟು: ದಾರವನ್ನ ಮಡಚಿ ಜೋಡಿ ಮಾಡಿ ಗಾಳದ ಕಣ್ಣಿನೊಳಗೆ ತೂರಿಸಿ, ಆ ಜೋಡಿ ದಾರದಲ್ಲೇ ಸಡಿಲವಾಗಿ ಒಂದು ಸಾದಾ ಗಂಟು, ತುದಿಯಲ್ಲಿ ಉಳಿದ ಕುಣಿಕೆಯೊಳಗೆ ಇಡೀ ಗಾಳವನ್ನ ದಾಟಿಸಿ, ಉಗುಳು ಹಚ್ಚಿ ನಿಧಾನಕ್ಕೆ ಎಳೀರಿ. ಒಣದಾರ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಸೊರಗುತ್ತೆ. ದೊಡ್ಡ ಮೀನು ಬಿದ್ದಾಗ ಕಡಿಯೋದು ಅಲ್ಲೇ.

ಬಾಳೆಗೆ ಮಾತ್ರ ಕೊನೆಯ 30 ಸೆಂ.ಮೀ. ಸ್ಟೀಲ್ ತಂತಿ ಇರಲೇಬೇಕು. ಅದರ ದವಡೆ ತುಂಬ ಸಾಲುಸಾಲು ಚೂಪು ಹಲ್ಲು. ಬರೀ ನೈಲಾನ್ ಆದರೆ ಎರಡು ಸಲ ತಲೆ ಕೊಡವಿದರೆ ಮುಗೀತು.

ಎರೆ ವಿಷಯದಲ್ಲಿ ಮುರುಗೋಡಿಗೆ ನನ್ನ ನೆಚ್ಚಿನದು ಕೋಳಿ ಕರುಳು. ಚಿಕನ್ ಅಂಗಡಿಯಲ್ಲಿ ಬಿಸಾಡೋದನ್ನೇ ಕೇಳಿ ತರಬಹುದು. ಅರ್ಧ ಕೆಜಿ ಕರುಳಿಗೆ 50 ಗ್ರಾಂ ಕಲ್ಲುಪ್ಪು ಕಲಸಿ ರಾತ್ರಿಯೆಲ್ಲ ಮುಚ್ಚಿಡಿ. ನೀರು ಬಿಟ್ಟು ಗಟ್ಟಿಯಾಗುತ್ತೆ. ಹಸಿಯದು ಬೀಸಿದಾಗಲೇ ಗಾಳದಿಂದ ಹಾರಿಹೋಗುತ್ತೆ. 8 ಸೆಂ.ಮೀ. ತುಂಡನ್ನ ಮೂರು ನಾಲ್ಕು ಕಡೆ ಚುಚ್ಚಿ ಮಡಿಕೆ ಮಡಿಕೆಯಾಗಿ ಪೋಣಿಸಿ, ಮೊನೆ ಹೊರಗೆ ಕಾಣಬೇಕು. ಮೊನೆ ಮುಚ್ಚೋ ಹಾಗೆ ಉಂಡೆ ಮಾಡಿದರೆ ಮೀನು ಚೀಪಿ ಬಿಡುತ್ತೆ, ಚುಚ್ಚಲ್ಲ. ಈಲಿ (ಲಿವರ್) ಹಾಕೋದಾದರೆ ಹೊಲಿಗೆ ದಾರದಿಂದ ಐದಾರು ಸುತ್ತು ಸುತ್ತಿ. ಮಾಂಸ ಮುಟ್ಟದವರು 250 ಗ್ರಾಂ ರಾಗಿ ಹಿಟ್ಟು, 100 ಗ್ರಾಂ ಕಡಲೆಕಾಯಿ ಹಿಂಡಿ ಸೇರಿಸಿ ಗಟ್ಟಿ ಮುದ್ದೆ ಬೇಯಿಸಿ, ಆರಿದ ಮೇಲೆ ಸ್ವಲ್ಪ ಹತ್ತಿ ಬಿಡಿಸಿ ನಾದಿ. ಹತ್ತಿ ಇದ್ದರೆ ನೀರಲ್ಲಿ ಕರಗದೆ ನಿಲ್ಲುತ್ತೆ. ಆದರೆ ಹಿಟ್ಟಿಗೆ ಗೆಂಡೆ, ಜಿಲೇಬಿ ಮೀನಿನ ಕಾಟ ಜಾಸ್ತಿ. ಯಾವ ಎರೆಯಾದರೂ 20 ನಿಮಿಷಕ್ಕೊಮ್ಮೆ ಬದಲಿಸಿ. ಬೆಳ್ಳಗೆ ತೊಳೆದುಹೋದ ಕರುಳು ರಬ್ಬರ್ ಪಟ್ಟಿಗೆ ಸಮ. ಬಾಳೆಗೆ ಬೆರಳುದ್ದದ ಪಕ್ಕೆ ಮೀನು, ಬೆನ್ನಿನ ರೆಕ್ಕೆಯ ಹಿಂದೆ ಚುಚ್ಚಿ. ಕಪ್ಪೆ ಬೇಡ, ಕೆಲವು ಜಾತಿಗೆ ಕಾನೂನಿನ ರಕ್ಷಣೆ ಇದೆ.

ಜಾಗ ಅಂದರೆ, ಬೇಸಿಗೆಯಲ್ಲಿ ಕೆರೆ ಇಳಿದಾಗ ಏರಿಯ ಕಡೆ, ತೂಬಿನ ಸುತ್ತಮುತ್ತ. ಕೆರೆಯ ಆಳ ಇರೋದು ಅಲ್ಲೇ. ಮೊದಲ ಮಳೆಗೆ ಲೆಕ್ಕ ಪೂರ್ತಿ ತಿರುಗುತ್ತೆ: ಹಳ್ಳದಿಂದ ಕೆಂಪು ನೀರು ಕೆರೆಗೆ ಸೇರೋ ಬಾಯಲ್ಲಿ ಮುರುಗೋಡು ಮೊಣಕಾಲುದ್ದ ನೀರಿಗೇ ಬಂದಿರುತ್ತೆ, ದೂರ ಬೀಸಿದವನಿಗೆ ಏನೂ ಸಿಗಲ್ಲ. ಕೆಂಪು ನೀರೂ ತಿಳಿನೀರೂ ಕೂಡೋ ಗೆರೆ ಕಣ್ಣಿಗೆ ಕಾಣುತ್ತೆ, ಎರೆ ಅದರ ಅಂಚಿಗೆ ಬೀಳಲಿ. ಹೊಳೆಯಲ್ಲಾದರೆ ಮಡುವಿನ ತಲೆ, ಬಂಡೆಯ ಮರೆ, ದಡ ಕೊರೆದು ಬೇರು ಇಳಿಬಿದ್ದ ಕಡೆ. ಹೊತ್ತು ಮುಳುಗಿದಾಗಿನಿಂದ ಹತ್ತು ಗಂಟೆವರೆಗೆ ಒಳ್ಳೆ ಸಮಯ. ಅಣೆಕಟ್ಟಿನ ಕೆಳಗೆ ಬಂಡೆ ಮೇಲೆ ಕೂರೋವರು ಸೈರನ್‌ಗೆ ಕಿವಿ ಕೊಟ್ಟಿರಿ. ಗೇಟು ಎತ್ತಿದರೆ ಹಿಂದಿರುಗೋ ದಾರಿ ಮೊದಲು ಮುಳುಗುತ್ತೆ.

ಮುರುಗೋಡು ಮುಟ್ಟಿದರೆ ರಾಡ್ ತುದಿ ಟಕ್ ಟಕ್ ಅಂತ ಅಲ್ಲಾಡುತ್ತೆ. ಆಗ ಎಳೆಯೋದೇ ಎಲ್ಲರೂ ಮಾಡೋ ತಪ್ಪು. ಅದು ಇನ್ನೂ ಮೀಸೆಯಲ್ಲಿ ಸವರಿ ನೋಡ್ತಾ ಇದೆ. ದಾರ ಒಂದೇ ಸಮನೆ ಒಂದು ಕಡೆಗೆ ಜರುಗಿದಾಗ ಎಳೀರಿ. ಬಾಳೆ ಹಾಗಲ್ಲ, ಒಂದೇ ಏಟಿಗೆ ಕಿತ್ತುಕೊಂಡು ಓಡುತ್ತೆ. ಮೂರು ಎಣಿಸಿ ಎಳೀರಿ, ಇನ್ನೂ ತಡ ಮಾಡಿದರೆ ಗಾಳ ಹೊಟ್ಟೆಗೆ ಇಳಿದು ಮರಿಯನ್ನ ಬಿಡೋಕೂ ಆಗಲ್ಲ. ರೀಲಿನ ಬಿಗಿಯನ್ನ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನೋಡಿ: 10 ಕೆಜಿ ಭಾರ ತಡೆಯೋ ದಾರಕ್ಕೆ 3 ಕೆಜಿ ಎಳೆದಾಗ ದಾರ ಬಿಡಬೇಕು. ಕೈದಾರದವರು ಬೆರಳಿಗೆ ಸುತ್ತಿಕೊಳ್ಳಲೇಬೇಡಿ.

ದಡಕ್ಕೆ ಬಂದ ಮೇಲೆ ಮುಳ್ಳಿನ ಕಥೆ. ಎದೆಯ ಎರಡೂ ಪಕ್ಕ ಗರಗಸದಂಥ ಮುಳ್ಳು, ಮೀನು ಹೆದರಿದಾಗ ಅಡ್ಡಕ್ಕೆ ನಿಂತು ಬಿಗಿದುಕೊಳ್ಳುತ್ತೆ. ಗಿರ್ಲುಗೆ ಬೆನ್ನ ಮೇಲೂ ಒಂದು. ಮುರುಗೋಡನ್ನ ಹೊಟ್ಟೆಯ ಕಡೆಯಿಂದ, ಮುಳ್ಳುಗಳ ಹಿಂದೆ ಹೆಬ್ಬೆರಳು ಒಂದು ಪಕ್ಕ, ತೋರುಬೆರಳು ಇನ್ನೊಂದು ಪಕ್ಕ ಬರೋ ಹಾಗೆ ಒತ್ತಿ ಹಿಡೀರಿ. ಒದ್ದೆ ಗೋಣಿಬಟ್ಟೆ ಇದ್ದರೆ ಜಾರಲ್ಲ. ಚೇಳು ಮೀನಿಗೆ ಬರಿಗೈ ಬೇಡವೇ ಬೇಡ, ಅದರ ಮುಳ್ಳಲ್ಲಿ ವಿಷ ಇದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿನೀರಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ, ನೋವು ಇಳಿಯುತ್ತೆ. ಮುಳ್ಳು ಒಳಗೇ ಮುರಿದಿದ್ದರೆ, ಊತ ಏರಿದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಒಂದೂವರೆ ಕೆಜಿ ದಾಟಿದ ‘ಮುರುಗೋಡು’ ನಮ್ಮ ನಾಡಿನದಲ್ಲ ಅಂತ ಇಟ್ಟುಕೊಳ್ಳಿ. ಮೈಮೇಲೆ ಬೂದು-ಕಪ್ಪು ಮಚ್ಚೆ ಹರಡಿದ್ದರೆ ಆಫ್ರಿಕನ್. ಅದರ ಸಾಕಣೆಯನ್ನ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ, ಆದರೂ ಕೆರೆ ತುಂಬ ಇದೆ. ಹಿಡಿದಿದ್ದನ್ನ ವಾಪಸ್ ಬಿಡಬೇಡಿ, ಸಿಕ್ಕಿದ್ದನ್ನೆಲ್ಲ ನುಂಗೋ ಜಾತಿ. ಗಾಳಿಯನ್ನೇ ಉಸಿರಾಡಬಲ್ಲದ್ದರಿಂದ ಬೇರೆ ಮೀನು ಸಾಯೋ ಚರಂಡಿ ನೀರಲ್ಲೂ ಬದುಕುತ್ತೆ. ಅಂಥ ಕೆರೆಯದನ್ನ ನಾನು ತಿನ್ನಲ್ಲ.

ಕೆರೆಗಳು ಬಹುಪಾಲು ಗುತ್ತಿಗೆಗೆ ಹೋಗಿರುತ್ತವೆ, ಜಲಾಶಯಕ್ಕೆ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು, ಕೇಳಿಕೊಂಡು ಕೂರಿ. ಶೃಂಗೇರಿ, ಶಿಶಿಲ, ರಾಮನಾಥಪುರದ ದೇವರ ಮೀನಿನ ಮಡುಗಳಲ್ಲಿ, ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳ ಹಾಕೋ ಹಾಗಿಲ್ಲ.

ಮನೆಗೆ ತಂದ ಮೇಲೂ ಮುರುಗೋಡು ಗಂಟೆಗಟ್ಟಲೆ ಸಾಯಲ್ಲ. ಬಕೆಟ್‌ಗೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ತಲೆಯ ಮೇಲೆ ಒಂದೇ ಬಲವಾದ ಏಟು ಕೊಟ್ಟು ಕೊಂದು, ಮುಳ್ಳನ್ನ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ, ಒಲೆ ಬೂದಿ ಇಲ್ಲವೇ ಕಲ್ಲುಪ್ಪಿನಿಂದ ಲೋಳೆ ಹೋಗೋವರೆಗೂ ಉಜ್ಜಿ. ಕಿವಿರಿನ ಮೇಲುಗಡೆ ಹೂಕೋಸಿನ ಹಾಗೆ ಕವಲೊಡೆದ ಕೆಂಪು ಅಂಗ ಇರುತ್ತೆ, ಅದು ಗಾಳಿ ಉಸಿರಾಡೋಕೆ. ಕಿವಿರಿನ ಜೊತೆ ಅದನ್ನೂ ಕಿತ್ತು ಹಾಕಿ. ತುಂಡುಗಳನ್ನ ಹುಣಸೆ ನೀರು, ಅರಿಶಿನದಲ್ಲಿ 15 ನಿಮಿಷ ನೆನೆಸಿ ತೊಳೆದರೆ ಕೆಸರಿನ ವಾಸನೆ ಬಹುಮಟ್ಟಿಗೆ ಹೋಗುತ್ತೆ.