ಟೈರು ಅಗಲ ಮಾಡುವ ಮೊದಲು ಆರು ಮಿಲಿಮೀಟರ್ ಲೆಕ್ಕ

ಧಾರವಾಡದಿಂದ ಪಡುವಣಕ್ಕೆ ಸೈಕಲ್ ತಿರುಗಿಸಿದರೆ ಹಳಿಯಾಳ, ದಾಂಡೇಲಿ, ಆಮೇಲೆ ಉಳವಿ. ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವ ದಿಕ್ಕು ಅದು. ಡಾಂಬರು ಬಿಟ್ಟು ಕಾಡಿನ ಒಳದಾರಿ ಹಿಡಿದರೆ ಕೆಂಪು ಗರಸು. ಮೂಡಣಕ್ಕೆ ಹೋದರೆ ನವಲಗುಂದ, ಅಣ್ಣಿಗೇರಿ, ಎರೆಹೊಲ. ನಾನು ಎರಡೂ ಕಡೆ ತಿರುಗುವವನು. ನನ್ನ ಹೈಬ್ರಿಡ್ ಸೈಕಲ್ಲಿಗೆ ಅಂಗಡಿಯಿಂದ ಬಂದದ್ದು 28 ಮಿ.ಮೀ. ಟೈರು. ಡಾಂಬರಿನ ಮೇಲೆ ಚೆನ್ನಾಗಿಯೇ ಓಡುತ್ತಿತ್ತು. ಗರಸು ಶುರುವಾದರೆ ಕೈ ಜೋಮು ಹಿಡಿಯುತ್ತಿತ್ತು, ಕ್ಯಾರಿಯರಿನ ಬೋಲ್ಟ್ ಸಡಿಲವಾಗುತ್ತಿತ್ತು.

ಸರಿ, ಅಗಲದ ಟೈರು ಹಾಕೋಣ ಅಂದುಕೊಂಡೆ. ಮುಂದಿನ ಫೋರ್ಕಿನಲ್ಲಿ ಬೇಕಾದಷ್ಟು ಜಾಗ ಕಂಡಿತು. 42ರ ಜೋಡಿ ತರಿಸಿಯೇ ಬಿಟ್ಟೆ. ಹಿಂದಿನ ಚಕ್ರದ ಕಡೆ ಅಳತೆ ಮಾಡಿರಲಿಲ್ಲ. ಹಾಕಿದಾಗ ಟೈರಿಗೂ ಹಿಂದಿನ ಚಕ್ರದ ಅಕ್ಕಪಕ್ಕ ಹಾಯುವ ಚೌಕಟ್ಟಿನ ಕೊಳವೆಗಳಿಗೂ ನಡುವೆ ಒಂದೊಂದು ಕಡೆ ಮೂರೂವರೆ ಮಿ.ಮೀ. ಉಳಿದಿತ್ತು. ತಿರುಗುತ್ತದೆ, ತಾಗುವುದಿಲ್ಲ, ಸಾಕಲ್ವಾ ಅಂದುಕೊಂಡೆ. ಅಣ್ಣಿಗೇರಿ ಹತ್ತಿರ ಮಳೆ ನಿಂತ ಮೇಲೆ ಹೊಲದ ದಾರಿಗೆ ಇಳಿದೆ. ನೂರು ಮಾರು ಹೋಗಿರಲಿಕ್ಕಿಲ್ಲ, ಎರೆಮಣ್ಣು ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡು ಹಿಂದಿನ ಚಕ್ರ ನಿಂತೇಹೋಯಿತು. ಜಾಲಿ ಕಡ್ಡಿಯಿಂದ ಕೆರೆದು ತೆಗೆದು, ಹೆಗಲ ಮೇಲೆ ಸೈಕಲ್ ಹೊತ್ತು ಡಾಂಬರಿಗೆ ಬಂದೆ. ಕೊಳವೆಯ ಬಣ್ಣ ಹೋದ ಗುರುತು ಇವತ್ತಿಗೂ ಇದೆ.

ಹಾಗಾಗಿ ಮೊದಲು ಅಳತೆ. 700ಸಿ ಚಕ್ರವಾದರೆ (ಹೈಬ್ರಿಡ್, ರೇಸ್ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಬರುವ ಅಳತೆ) ಚಕ್ರ ಬಿಚ್ಚಿ, ಅದರ ಅಚ್ಚು ಕೂರುವ ಜಾಗದಿಂದ 33 ಸೆಂ.ಮೀ. ದೂರದಲ್ಲಿ ಎರಡು ಕೊಳವೆಗಳ ನಡುವಿನ ಅಂತರ ನೋಡಿ. 38ರ ಆಸುಪಾಸಿನ ಟೈರು ಎಲ್ಲಕ್ಕಿಂತ ಅಗಲವಾಗಿರುವುದು ಅಲ್ಲೇ. 35 ಸೆಂ.ಮೀ. ದೂರದಲ್ಲಿ ಟೈರಿನ ನೆತ್ತಿ ಬರುತ್ತದೆ, ಅದರಾಚೆಗೂ ಜಾಗ ಬೇಕು. ಎಲ್ಲ ಕಡೆ 6 ಮಿ.ಮೀ. ಬಿಡಿ. 6 ಮಿ.ಮೀ. ಅಲೆನ್ ಕೀ (ಬೋಲ್ಟ್ ಬಿಚ್ಚುವ ಆರು ಮೂಲೆಯ ಸಲಾಕೆ) ಸಲೀಸಾಗಿ ತೂರಬೇಕು, ಅಷ್ಟೇ ಪರೀಕ್ಷೆ. ಇಷ್ಟೊಂದು ಯಾಕೆ ಅಂದರೆ, ಮಣ್ಣು ಒಂದು ಕಾರಣ. ದೂರದ ಊರಲ್ಲಿ ಚಕ್ರದ ಒಂದು ಕಡ್ಡಿ (ಸ್ಪೋಕ್) ಮುರಿದರೆ ಚಕ್ರ ಸೊಟ್ಟಗಾಗುತ್ತದೆ, ಆಗಲೂ ಉಜ್ಜದೆ ಮನೆಗೆ ಬರಬೇಕು. ನನ್ನ ಸೈಕಲ್ಲಿನ ಹಿಂದೆ ಇರುವುದು 50 ಮಿ.ಮೀ. ಎರಡು ಕಡೆ ಆರಾರು ಕಳೆದರೆ 38. ಮಡ್‌ಗಾರ್ಡ್ ಇದ್ದರೆ ಅದರೊಳಗೂ ಇದೇ ಲೆಕ್ಕ. ನಾನಂತೂ ಎರೆಹೊಲದ ಕಡೆ ಹೋಗುವಾಗ ಮಡ್‌ಗಾರ್ಡ್ ಬಿಚ್ಚಿಡುತ್ತೇನೆ.

ಬ್ರೇಕು ಕೂಡ ಅಡ್ಡ ಬರಬಹುದು. ರೇಸ್ ಸೈಕಲ್ಲುಗಳ, ಟೈರಿನ ಮೇಲಿಂದ ಬಂದು ರಿಮ್ಮು ಹಿಡಿಯುವ ಚಿಕ್ಕ ಕ್ಯಾಲಿಪರ್ ಬ್ರೇಕಿನಡಿ 28 ನುಸುಳಿದರೇ ದೊಡ್ಡದು. ಡಿಸ್ಕ್ ಬ್ರೇಕಿದ್ದರೆ ಆ ಚಿಂತೆ ಇಲ್ಲ. ಡಿಸ್ಕ್ ಇದ್ದವರಿಗೆ ಇನ್ನೊಂದು ದಾರಿಯೂ ಇದೆ. ಚಕ್ರವನ್ನೇ 650ಬಿ ಅನ್ನುವ ಚಿಕ್ಕ ಅಳತೆಗೆ ಬದಲಿಸಿ 47ರ ಟೈರು ಹಾಕಬಹುದು. 650ಬಿ ರಿಮ್ಮಿನ ವ್ಯಾಸ 584ಕ್ಕೆ ಎರಡು 47 ಕೂಡಿಸಿ, 678. 700ಸಿಯ 622ಕ್ಕೆ ಎರಡು 28 ಕೂಡಿಸಿ, ಅದೂ 678. ಚಕ್ರದ ಹೊರ ಎತ್ತರ ಹಾಗೇ ಇರುತ್ತದೆ, ಟೈರು ಮಾತ್ರ ದಪ್ಪ. ಆದರೆ ಕೊಳವೆಗಳ ನಡುವೆ ಅಷ್ಟು ಅಗಲ ಬೇಕು, ಹೊಸ ಚಕ್ರಕ್ಕೆ ದುಡ್ಡೂ ಬೇಕು.

ಈ 622 ಎಲ್ಲಿಂದ ಬಂತು? ಟೈರಿನ ಬದಿ ನೋಡಿ, 38-622 ಅಂತ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಕೊಳ್ಳುವಾಗ ಈ ಎರಡನೇ ಅಂಕಿಯನ್ನು ಮಾತ್ರ ನಂಬಿ. ಇಂಚಿನ ಲೆಕ್ಕ ಮೋಸ. ಒಮ್ಮೆ ನನ್ನ ಟೈರು ಹರಿದಾಗ ಹಳ್ಳಿಯ ಸೈಕಲ್ ಅಂಗಡಿಯವನು ಹಳೇ ಕರಿ ಸೈಕಲ್ಲಿನ 28 ಇಂಚಿನ ಟೈರು ತಂದ. "ಸರ, ಇದೂ ಇಪ್ಪತ್ತೆಂಟ, ಅದೂ ಇಪ್ಪತ್ತೆಂಟ. ಬರಂಗಿಲ್ಲಂದ್ರ ಹೆಂಗ್ರಿ?" ಅವನದು ತಪ್ಪಲ್ಲ. 700ಸಿಗೂ 28 ಇಂಚು ಅಂತ ಬರೆದಿರುತ್ತಾರೆ. ಆದರೆ ಕರಿ ಸೈಕಲ್ಲಿನ 28 × 1½ ಟೈರು 635ರದ್ದು. 13 ಮಿ.ಮೀ. ದೊಡ್ಡದು, ನಮ್ಮ ರಿಮ್ಮಿನ ಮೇಲೆ ಲೊಡಲೊಡ ಅನ್ನುತ್ತದೆ. ಅದರ ಟ್ಯೂಬು ಮಾತ್ರ ಕಷ್ಟಕಾಲಕ್ಕೆ ಆಗುತ್ತದೆ, ನಿಮ್ಮ ರಿಮ್ಮಿನ ತೂತು ದಪ್ಪ ವಾಲ್ವಿನದಾಗಿದ್ದರೆ. ನನ್ನದು ಬೈಕಿನ ಥರದ ವಾಲ್ವು. ಹಾಗಾಗಿ ಎಲ್ಲಿ ಪಂಕ್ಚರ್ ಅಂಗಡಿ ಇದೆಯೋ ಅಲ್ಲಿ ಹವಾ ಸಿಗುತ್ತದೆ. ತೆಳ್ಳನೆ ಪ್ರೆಸ್ಟಾ ವಾಲ್ವಿನವರು ಬೆರಳುಗುರಿನಷ್ಟು ಗಾತ್ರದ ಹಿತ್ತಾಳೆ ಅಡಾಪ್ಟರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಲಿ.

ಅಗಲ ಎಷ್ಟು? ನನ್ನ ಅಂದಾಜು ಇದು. ಬಹುತೇಕ ಡಾಂಬರು, ನಡುವೆ ಐದಾರು ಕಿಲೋಮೀಟರ್ ಕೆಟ್ಟ ದಾರಿ ಅಂದರೆ 32 ಅಥವಾ 35 ಸಾಕು. ಅರ್ಧಕ್ಕರ್ಧ ಅಂದರೆ 38ರಿಂದ 42. ಹೆಚ್ಚಿನದು ಗರಸೇ ಆಗಿ, ಮೇಲೆ ಸಾಮಾನೂ ಇದ್ದರೆ 45ಕ್ಕೆ ಹೋಗಿ, ಸೈಕಲ್ ಒಪ್ಪಿದರೆ. ಬರೆದ ಅಗಲವೇ ಬರುತ್ತದೆ ಅಂತ ಮಾತ್ರ ತಿಳಿಯಬೇಡಿ. ರಿಮ್ಮು ಅಗಲವಿದ್ದರೆ ಅದೇ ಟೈರು ಜಾಸ್ತಿ ಉಬ್ಬುತ್ತದೆ. ನನ್ನ 42 ಅಳೆದಾಗ 43 ಇತ್ತು.

ಅಂದ ಹಾಗೆ ಆ 42ನ್ನು ಎಸೆದಿಲ್ಲ. ಒಂದನ್ನು ಮುಂದೆ ಹಾಕಿದ್ದೇನೆ, ಹಿಂದೆ 38. ನೋಡಿದವರು ನಗುತ್ತಾರೆ, ನಗಲಿ. ಸಡಿಲ ಗರಸಿನ ಮೇಲೆ ಜಾರಿದರೆ ಬೀಳಿಸುವುದು ಮುಂದಿನ ಚಕ್ರ. ಕೈಗೆ ನಡುಕ ಬರುವುದೂ ಅಲ್ಲಿಂದಲೇ. 35–43 ಅಂತ ಬರೆದ ಟ್ಯೂಬು ಎರಡಕ್ಕೂ ಆಗುತ್ತದೆ.

ಇನ್ನು ಹವಾ. ಹೆಚ್ಚಿನವರು ಎಡವುವುದು ಇಲ್ಲೇ. ಅಗಲದ ಟೈರು ಹಾಕಿಸಿ, ಹಳೇ ಅಭ್ಯಾಸದಲ್ಲಿ ಕಲ್ಲಿನ ಹಾಗೆ ಗಟ್ಟಿ ಹೊಡೆದರೆ ದುಡ್ಡು ದಂಡ. 28ರಿಂದ 38ಕ್ಕೆ ಹೋದರೆ ಒಳಗಿನ ಗಾಳಿಯ ಜಾಗ ಹೆಚ್ಚುಕಡಿಮೆ ಎರಡು ಪಟ್ಟಿನ ಹತ್ತಿರ ಬರುತ್ತದೆ, ಅದಕ್ಕೇ ಕಡಿಮೆ ಒತ್ತಡದಲ್ಲೂ ಭಾರ ತಡೆಯುತ್ತದೆ. ನಾನು, ಸೈಕಲ್, ಚೀಲ ಎಲ್ಲ ಸೇರಿ 100 ಕೆ.ಜಿ. 28ಕ್ಕೆ 85 ಪಿಎಸ್‌ಐ ಹೊಡೆಯುತ್ತಿದ್ದೆ. ಈಗ ಹಿಂದೆ 55, ಮುಂದೆ 40. ಉದ್ದ ಗರಸು ಬಂದರೆ ಇನ್ನೂ ಐದು ಇಳಿಸುತ್ತೇನೆ. ಚೀಲ ಹೇರಿ ನೀವು ಸೀಟಿನ ಮೇಲೆ ಕೂತಾಗ ಟೈರಿನ ಎತ್ತರ ಸುಮಾರು 15 ಶೇಕಡಾ ತಗ್ಗಬೇಕು. 38ರ ಟೈರಿಗೆ ಅದು ಐದಾರು ಮಿ.ಮೀ. ಯಾರಾದರೂ ಪಕ್ಕದಲ್ಲಿ ಸ್ಕೇಲ್ ಹಿಡಿದು ನೋಡಲಿ. ತೀರಾ ಇಳಿಸಿದರೆ ಕಲ್ಲಿಗೆ ಗುದ್ದಿದಾಗ ರಿಮ್ಮು ಟ್ಯೂಬನ್ನು ಎರಡು ಕಡೆ ಕಚ್ಚುತ್ತದೆ, ಹಾವು ಕಚ್ಚಿದ ಹಾಗೆ ಜೋಡಿ ತೂತು. ಅಂಥ ತೂತು ಕಂಡರೆ ಐದು ಪಿಎಸ್‌ಐ ಏರಿಸಿ. ಟೈರಿನ ಬದಿಯಲ್ಲಿ ಬರೆದ ಮಿತಿಯನ್ನು ಮಾತ್ರ ದಾಟಬೇಡಿ.

ಹಲ್ಲಿನ ವಿಷಯ. ಮೈತುಂಬ ದಪ್ಪ ಹಲ್ಲಿರುವ ಬಟನ್ ಟೈರು ನೋಡಲು ಗತ್ತು. ಡಾಂಬರಿನ ಮೇಲೆ ಗುಂಯ್ ಅನ್ನುತ್ತಾ ಕಾಲಿನ ಕಸುವು ತಿನ್ನುತ್ತದೆ. ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಹಲ್ಲು ಇರುವುದು ಒಳ್ಳೆಯದು. ಎರೆಮಣ್ಣಿಗೆ ಯಾವ ಹಲ್ಲೂ ನಡೆಯುವುದಿಲ್ಲ, ಒಣಗುವವರೆಗೆ ಚಹಾ ಕುಡಿಯುತ್ತಾ ಕೂರಬೇಕು.

ಮುಳ್ಳಿನ ಬಗ್ಗೆ ಮಾತ್ರ ನಾನು ಬಿಗಿ. ಮೂಡಣದ ಕಡೆ ದಾರಿಯುದ್ದಕ್ಕೂ ಬಳ್ಳಾರಿ ಜಾಲಿ. ಅಲ್ಲಿಗೆ ಒಳಗೆ ದಪ್ಪ ರಬ್ಬರ್ ಪಟ್ಟಿ ಇರುವ ಟೈರೇ ಬೇಕು. ಭಾರ, ಸ್ವಲ್ಪ ಮಂದ, ಆದರೂ ಬೇಕು. ಬರೀ ಪಡುವಣದ ಕಾಡಿಗೆ ಹೋಗುವವರು ಮೆತ್ತನೆ ಮೈಯ ಟೈರು ತಗೊಂಡರೆ ಡಾಂಬರಿನ ಮೇಲೆ 28ಕ್ಕಿಂತ ಹಿಂದೆ ಬೀಳುವುದಿಲ್ಲ.

ತಂದ ಟೈರು ಹಾಕಿ, ಹವಾ ಹೊಡೆದು, ಒಂದು ರಾತ್ರಿ ಬಿಡಿ. ಟೈರು ಹಿಗ್ಗುತ್ತದೆ. ಬೆಳಗ್ಗೆ ಅಲೆನ್ ಕೀ ತೂರಿಸಿ ಮತ್ತೆ ನೋಡಿ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಪೆಡಲಿನ ಮೇಲಿನ ಕಾಲ್ಬೆರಳು ಮುಂದಿನ ಟೈರಿಗೆ ತಾಗುತ್ತದಾ ನೋಡಿ. 28ರಿಂದ 38ಕ್ಕೆ ಹೋಗಿದ್ದರೆ ಸೈಕಲ್ ಮೀಟರಿನಲ್ಲಿ ಚಕ್ರದ ಸುತ್ತಳತೆಯನ್ನು 2136 ಮಿ.ಮೀ.ನಿಂದ 2180ಕ್ಕೆ ಬದಲಿಸಿ, ಇಲ್ಲದಿದ್ದರೆ 100 ಕಿಲೋಮೀಟರ್ ತುಳಿದರೂ 98 ಅಂತ ತೋರಿಸುತ್ತದೆ. ನನ್ನ ಹಾಗೆ ಮುಂದೆ 42 ಹಾಕಿದವರು, ಮೀಟರಿನ ಅಯಸ್ಕಾಂತ ಮುಂದಿನ ಚಕ್ರದಲ್ಲಿದ್ದರೆ, ವಾಲ್ವಿನ ಪಕ್ಕ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ಟೇಪಿನಿಂದ ಅಳೆದುಕೊಳ್ಳಿ.